ನಾದಿನಿಗೆ ಮಾಡಿಸಿದ ಟಿಕೆಟ್ಟು

ನನ್ನ ನಾದಿನಿ ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಕೆನಡಾಕ್ಕೆ ಹೋಗುವುದು ನಿಶ್ಚಯವಾದ ದಿನ, ಊಟಕ್ಕೆ ಕೂತಾಗ, ನಮ್ಮ ಅತ್ತೆ ತಟ್ಟೆಯಿಂದ ತಲೆ ಎತ್ತದೆ ಒಂದು ಮಾತು ಹೇಳಿದರು.

"ಟಿಕೆಟಿನ ವಿಚಾರ ಆ ಹರಿಹರದಾಕೀನ ಒಂದು ಮಾತು ಕೇಳ್ರಿ. ಆಕಿ ಮಕ್ಕಳನ್ನ ಕರ್ಕೊಂಡು ಅಲ್ಲೀತನಕ ಹೋಗಿ ಬಂದಾಳೆ."

ದಾವಣಗೆರೆಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಅಂಗಡಿ ನನ್ನದು. ಆ ಮನೆಯ ಸೊಸೆ ನಾನು. ಆ ಹೊತ್ತಿನಲ್ಲಿ ಅವರ ತಟ್ಟೆಗೆ ಸಾರು ಬಡಿಸುತ್ತಿದ್ದವಳೂ ನಾನೇ. ಸೌಟು ಅಲ್ಲೇ ನಿಂತಿತು.

"ನಾನು ಇಲ್ಲೇ ಅದೀನಲ್ಲ ಅತ್ತೆ" ಎಂದೆ.

"ನಿನಗೆ ಟಿಕೆಟ್ ಗೊತ್ತು ಬಿಡವ್ವ, ಅದನ್ನ ಯಾರು ಬ್ಯಾಡ ಅಂದ್ರು? ಮಕ್ಕಳ ಹಟ ಬ್ಯಾರೆ" ಎಂದರು ಅವರು. ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ಚುಚ್ಚಬೇಕೆಂದು ಹೇಳಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ನನಗೂ ನನ್ನ ಗಂಡನಿಗೂ ಮಕ್ಕಳಿಲ್ಲ. ಆ ವಿಷಯದ ಮಾತು ನಮ್ಮ ಮನೆಯಲ್ಲಿ ನಿಂತು ಬಹಳ ವರ್ಷಗಳಾಗಿವೆ. ನಾನು ಸಾರು ಬಡಿಸಿ ಒಳಗೆ ಹೋದೆ.

ಹರಿಹರದಾಕೆ ಎಂದರೆ ನನಗೆ ಹೊಸಬಳಲ್ಲ. ಇಬ್ಬರೂ ಒಂದೇ ಕಚೇರಿಯಲ್ಲಿ, ಅಕ್ಕಪಕ್ಕದ ಮೇಜುಗಳಲ್ಲಿ ಕೆಲಸ ಕಲಿತವರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಸಣ್ಣವಳು. ಮದುವೆಯಾಗಿ ಹರಿಹರಕ್ಕೆ ಹೋದಳು, ಅಲ್ಲಿ ಅಂಗಡಿ ತೆರೆದಳು, ಎರಡು ಹೆತ್ತಳು, ಆ ಎರಡನ್ನೂ ಕರೆದುಕೊಂಡು ಕೆನಡಾದಲ್ಲಿರುವ ತಮ್ಮನ ಮನೆಗೆ ಹೋಗಿ ಬಂದಳು. ಬಂದ ಮೇಲೆ ಚಿಕ್ಕ ಮಕ್ಕಳಿರುವ ಮನೆಯವರೆಲ್ಲ ಅವಳ ಅಂಗಡಿಗೇ ನಡೆದರು. ದಾವಣಗೆರೆಯಿಂದಲೂ ಹೋದರು. ನಾನೂ ದೂರದ ವಿಮಾನದಲ್ಲಿ ಕೂತವಳೇ. ಆದರೆ ಒಬ್ಬಳೇ ಕೂತು, ಕಾಲು ಚಾಚಿ, ಕಿಟಕಿಯ ಪರದೆ ಎಳೆದುಕೊಂಡು ನಿದ್ದೆ ಮಾಡಿದವಳು. ಅದನ್ನು ಅನುಭವ ಎಂದು ಯಾರಿಗೆ ಹೇಳಲಿ?

ಮರುದಿನದಿಂದಲೇ ಹಟ ಹಿಡಿದು ಕೆಲಸ ಶುರು ಮಾಡಿದೆ.

ನಾದಿನಿಯ ಗಂಡ ಹರಿಹರದ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಕಲಿತವನು, ಈಗ ಟೊರಾಂಟೊ ಹತ್ತಿರ ಅದೇ ಕೆಲಸದಲ್ಲಿದ್ದಾನೆ. ರಜೆ ಸಿಗದ ಕಾರಣ ಕರೆದುಕೊಂಡು ಹೋಗಲು ಬರುವಂತಿರಲಿಲ್ಲ. ಹಿರಿಯ ಮಗಳಿಗೆ ನಾಲ್ಕು ವರ್ಷ. ಕೂಸು ಗಂಡು, ವರ್ಷ ತುಂಬಿರಲಿಲ್ಲ. ಎರಡು ವರ್ಷದೊಳಗಿನ ಕೂಸಿಗೆ ತಾಯಿಯ ಮಡಿಲಿನ ಟಿಕೆಟ್ ಸಾಕು, ಸೀಟು ಬೇಕಿಲ್ಲ. ಆದರೆ ಬೆಂಗಳೂರಿನಿಂದ ಟೊರಾಂಟೊವರೆಗೆ ಒಂದು ಹಗಲು ಒಂದು ರಾತ್ರಿ ಮಡಿಲಲ್ಲೇ ಹೊತ್ತುಕೊಂಡು ಕೂರುವುದು ಹೇಗೆ? ಅದಕ್ಕೆಂದು ವಿಮಾನದಲ್ಲಿ ತೊಟ್ಟಿಲು ಇರುತ್ತದೆ. ಪ್ರತಿ ವಿಭಾಗದ ಮೊದಲ ಸಾಲಿನ ಎದುರಿನ ಗೋಡೆಗೆ ಅದನ್ನು ಸಿಕ್ಕಿಸುತ್ತಾರೆ. ಆ ಸಾಲಿನ ಸೀಟು ಸಿಕ್ಕರೆ ಮಾತ್ರ ತೊಟ್ಟಿಲು. ಎಷ್ಟು ತೂಕದ ಕೂಸಿಗೆ ಎಂಬ ನಿಯಮ ಒಂದೊಂದು ಸಂಸ್ಥೆಗೆ ಒಂದೊಂದು ಥರ. ಟಿಕೆಟ್ ಆದ ಮೇಲೆ ಫೋನ್ ಮಾಡಿ ಬೇರೆಯಾಗಿ ಕೇಳಿಕೊಳ್ಳಬೇಕು. ಅವರು "ಕೋರಿಕೆ ದಾಖಲಾಗಿದೆ" ಎನ್ನುತ್ತಾರೆ, "ಕೊಡುತ್ತೇವೆ" ಎನ್ನುವುದಿಲ್ಲ.

ನಾನು ಮೂರು ದಾರಿ ನೋಡಿದೆ. ದೆಹಲಿಯಿಂದ ನೇರ ಹೋಗುವುದು ಒಂದು. ಅದರಲ್ಲಿ ದೆಹಲಿಯಲ್ಲಿ ಇಳಿದು, ದೇಶದೊಳಗಿನ ವಿಮಾನದಿಂದ ಹೊರದೇಶದ ವಿಮಾನಕ್ಕೆ ಹೋಗುವ ರಗಳೆ. ಕೊಲ್ಲಿ ದೇಶದ ಮೂಲಕ ಹೋಗುವುದು ಎರಡನೆಯದು. ಮೊದಲ ಹಾರಾಟ ಸಣ್ಣದು, ಎರಡನೆಯದು ಮುಗಿಯದಷ್ಟು ಉದ್ದ. ಯುರೋಪಿನ ಮೂಲಕ ಹೋಗುವುದು ಮೂರನೆಯದು. ಅಲ್ಲಿ ಎರಡೂ ಹಾರಾಟಗಳು ಹೆಚ್ಚುಕಡಿಮೆ ಸಮ, ನಡುವೆ ವಿಮಾನ ಬದಲಿಸುವ ಹೊತ್ತು ಎರಡು ಗಂಟೆಗಿಂತ ಕಡಿಮೆ. ತೊಟ್ಟಿಲಿಗೆ ನಮ್ಮ ಕೂಸಿನ ತೂಕ ಸರಿಹೊಂದುತ್ತಿತ್ತು. ಮೊದಲ ಸಾಲು ಖಾಲಿ ಇತ್ತು. ಒಟ್ಟು ಪ್ರಯಾಣದ ಹೊತ್ತೂ ಕಡಿಮೆ. ಮೂರನೆಯದನ್ನೇ ಆರಿಸಿ, ಸದ್ಯಕ್ಕೆ ಸೀಟು ಕಾಯ್ದಿರಿಸಿ, ನಾದಿನಿಯನ್ನು ಅಂಗಡಿಗೆ ಕರೆಸಿ ಕಂಪ್ಯೂಟರಿನ ಪರದೆ ತೋರಿಸಿದೆ.

ಅವಳು ನೋಡಿದಳು. ಚಲೋ ಐತೆ ಅಂದಳು. ಆಮೇಲೆ ತನ್ನ ಫೋನು ತೆಗೆದು, ಮುಜುಗರಪಡುತ್ತಾ, "ಅತ್ತಿಗೆ, ಹರಿಹರದ ಅಕ್ಕಾರು ಇದನ್ನ ಕಳಿಸ್ಯಾರೆ. ಒಂದಿಷ್ಟು ನೋಡ್ತೀರಾ?" ಎಂದಳು.

ಕೊಲ್ಲಿಯ ದಾರಿ. ನಾನು ತಳ್ಳಿಹಾಕಿದ್ದೇ. ವಿಮಾನ ಬದಲಿಸಲು ಅರ್ಧ ದಿನದಷ್ಟು ಕಾಯಬೇಕು.

"ನೀನಾಗೇ ಕೇಳಿದೆಯಾ?"

"ಅವ್ವ ಫೋನ್ ಮಾಡಿದ್ಲು. ಅವರೇ ಕಳಿಸಿದ್ರು."

"ಮಕ್ಕಳನ್ನ ಕರ್ಕೊಂಡು ಅಷ್ಟೊತ್ತು ಏರ್‌ಪೋರ್ಟಿನಾಗೆ ಕೂತು ಏನ್ ಮಾಡ್ತೀ?"

"ಅದೇ ಬೇಕಂತ್ರಿ ಅತ್ತಿಗೆ. ಮಕ್ಕಳು ನಡುವೆ ಓಡಾಡಬೇಕಂತೆ."

ಈ 'ಅಂತೆ' ಎಂಬ ಮಾತು ಆ ವಾರ ಪೂರ್ತಿ ನನ್ನ ಕಿವಿಯಲ್ಲಿತ್ತು. ತೊಟ್ಟಿಲು ಬ್ಯಾಡಂತೆ. ಮೊದಲ ಸಾಲು ಬ್ಯಾಡಂತೆ. ನಾನು ಹೇಳಿದ್ದಕ್ಕೆಲ್ಲ ಹರಿಹರದಿಂದ ಒಂದು 'ಅಂತೆ' ಬರುತ್ತಿತ್ತು. ಅಂಗಡಿಯಲ್ಲಿ ಕೂತು ಬೇರೆ ಗಿರಾಕಿಗಳ ಟಿಕೆಟ್ ಮಾಡುವಾಗಲೂ ನನ್ನ ಮನಸ್ಸು ಅವಳ ಅಂಗಡಿಯಲ್ಲಿರುತ್ತಿತ್ತು. ಅವಳ ಮೇಜು ಹೇಗಿರಬಹುದು? ಗೋಡೆಗೆ ಮಕ್ಕಳ ಫೋಟೋ ಹಾಕಿರುತ್ತಾಳೆ. ಗಿರಾಕಿಗಳು ಆ ಫೋಟೋ ನೋಡಿಯೇ ಅರ್ಧ ನಂಬಿಬಿಡುತ್ತಾರೆ. ನನ್ನ ಗೋಡೆಯ ಮೇಲೆ ಪ್ರಪಂಚದ ನಕ್ಷೆ ಇತ್ತು. ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು.

ಆ ವಾರದ ಕೊನೆಗೆ ನಾದಿನಿ ಗಂಡನ ಊರು, ಹರಿಹರದ ಕಡೆಯ ಭಾನುವಳ್ಳಿಗೆ ಹೋಗಿ ಬರುತ್ತೇನೆಂದು ಮಕ್ಕಳನ್ನು ಕರೆದುಕೊಂಡು ಹೋದಳು. ಅದೇ ದಿನ ನನಗೂ ಗುತ್ತೂರಿನ ಗಿರಾಕಿಯೊಬ್ಬರಿಗೆ ವೀಸಾ ಬಂದ ಪಾಸ್‌ಪೋರ್ಟ್ ಮುಟ್ಟಿಸುವುದಿತ್ತು. ಅವರೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಾನೇ "ಬ್ಯಾಡ್ರಿ, ಆ ಕಡೆ ಬರೋದೈತೆ" ಎಂದು ಹೇಳಿದೆ. ಗುತ್ತೂರು ಹರಿಹರದ ಪಕ್ಕದ್ದೇ ಊರು. ಕೆಲಸ ಮುಗಿಸಿಕೊಂಡು ಹರಿಹರದ ಪೇಟೆಯಲ್ಲಿ ಅವಳ ಅಂಗಡಿ ಹುಡುಕುತ್ತಾ ನಡೆದೆ. ಹೋಗಿ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಅವಳ ಯೋಜನೆಯಲ್ಲಿ ಒಂದು ತಪ್ಪು ಹಿಡಿಯಬೇಕು ಎಂಬುದಷ್ಟೇ ಇತ್ತು.

ಗಾಜಿನ ಬಾಗಿಲು ತಳ್ಳಿದೆ. ಒಳಗಿದ್ದದ್ದನ್ನು ನೋಡಿ ಅಲ್ಲೇ ನಿಂತೆ.

ಮೇಜನ್ನು ಗೋಡೆಗೆ ಸರಿಸಿದ್ದರು. ಮೂರು ಪ್ಲಾಸ್ಟಿಕ್ ಕುರ್ಚಿಗಳನ್ನು ವಿಮಾನದ ಸಾಲಿನ ಹಾಗೆ ಒಂದಕ್ಕೊಂದು ಹಗ್ಗದಿಂದ ಬಿಗಿದು, ಎದುರಿಗೆ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಇನ್ನೂ ಮೂರು ಕುರ್ಚಿಗಳನ್ನು ಬೆನ್ನು ಮಾಡಿ ಇಟ್ಟಿದ್ದರು. ಒಳಗಿನ ಎರಡು ಕುರ್ಚಿಗಳ ಕೈಗಳ ಮೇಲೆ ಹಲಗೆ, ಅದರ ಮೇಲೆ ದುಪ್ಪಟಿ. ತುದಿಯ ಕುರ್ಚಿಯಲ್ಲಿ ನನ್ನ ನಾದಿನಿ, ಎದೆಗೊರಗಿದ ಕೂಸು. ಉಳಿದೆರಡು ಕುರ್ಚಿಯ ಮೇಲೆ ಹುಡುಗಿ ಅಡ್ಡ ಮಲಗಿ ನಿದ್ದೆ ಹೋಗಿದ್ದಳು. ಎದುರು ನೆಲದ ಮೇಲೆ ಒಂದು ರಟ್ಟಿನ ಡಬ್ಬಿ ಬಿದ್ದಿತ್ತು. ಹರಿಹರದಾಕೆ ಅದನ್ನು ತೋರಿಸುತ್ತಾ ಏನೋ ಹೇಳುತ್ತಿದ್ದಳು. ಮಕ್ಕಳು ಏಳದಂತೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಆ ನಗು ನನ್ನನ್ನು ಸುಟ್ಟಿತು. ಕಳ್ಳತನ ಹಿಡಿದವಳ ಹಾಗೆ ನಾನು ನಿಂತಿದ್ದೆ. ಆದರೆ ಹೊರಗಿನವಳು ನಾನೇ.

ನಾದಿನಿಯ ಮುಖದ ಬಣ್ಣ ಹೋಯಿತು. ಹರಿಹರದಾಕೆ ಮಾತ್ರ, "ಅಯ್ಯ, ಬರ್ರಿ ಅಕ್ಕ, ಬರ್ರಿ! ಕೂಡ್ರಿ. ಎಷ್ಟು ವರ್ಷ ಆತು!" ಎಂದು ಪಿಸುಮಾತಿನಲ್ಲೇ ಸಂಭ್ರಮಪಟ್ಟಳು. ನಾಟಕವಾಗಿದ್ದರೆ ಚೆನ್ನಾಗಿತ್ತು. ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು. ನನ್ನ ಬಗ್ಗೆ ಅವಳಿಗೆ ಹೊಟ್ಟೆಕಿಚ್ಚು ಇಲ್ಲವೇ ಇಲ್ಲ. ಪಡುವಂಥದ್ದು ನನ್ನಲ್ಲಿ ಏನಿತ್ತು?

"ತೊಟ್ಟಿಲಿನ ಪರೀಕ್ಷೆ ಮಾಡ್ತಿದ್ವಿ ಅಕ್ಕ" ಎಂದು ಡಬ್ಬಿ ತೋರಿಸಿದಳು. "ಈ ಸಾಹೇಬ ಎದ್ದು ನಿಲ್ಲಾಕೆ ಕಲ್ತಾನೆ. ಡಬ್ಬಿನಾಗೆ ಇಟ್ಟ ತಕ್ಷಣ ಅಂಚು ಹಿಡಿದು ಎದ್ದು ನಿಂತ, ಡಬ್ಬಿ ಸಮೇತ ಉರುಳಿದ. ನಾನು ಹಿಡಕೊಂಡೆ ಅನ್ರಿ. ಎದ್ದು ನಿಲ್ಲೋ ಕೂಸು ತೊಟ್ಟಿಲಿನಾಗೆ ಮಲಗಲ್ಲ ಅಕ್ಕ. ನನ್ನದೂ ಮಲಗಲಿಲ್ಲ. ವಿಮಾನ ಅಲುಗಾಡಿದಾಗೆಲ್ಲ ಎತ್ತಿಕೊಳ್ರಿ ಅಂತಾರೆ. ಮಲಗಿದ್ದೂ ಎದ್ದು ಕೂಗುತ್ತೆ."

"ಮೊದಲ ಸಾಲಿನಾಗೆ ಕಾಲಿಗೆ ಜಾಗ ಇರುತ್ತೆ" ಎಂದೆ ನಾನು.

"ಇರುತ್ತೆ. ಆದರೆ ಆ ಸಾಲಿನಾಗೆ ಸೀಟಿನ ಕೈ ಮೇಲೆ ಎತ್ತಾಕೆ ಬರಲ್ಲ, ಊಟದ ಹಲಗೆ ಅದರೊಳಗೇ ಇರುತ್ತಲ್ಲ. ಆ ಹುಡುಗಿ ಎಲ್ಲಿ ಮಲಗಬೇಕು? ಹಿಂದಿನ ಸಾಲಿನಾಗೆ ಮೂರು ಸೀಟು ತಗೊಂಡು ಕೂಸಿಗೂ ಒಂದು ಸೀಟು ಮಾಡಿದ್ರೆ, ಕೈ ಎತ್ತಿದ್ರೆ ಒಂದು ಮಂಚ ಆಗುತ್ತೆ."

ಸೀಟಿನ ಕೈ ಏಳದಿರುವುದು ನನಗೆ ಗೊತ್ತಿತ್ತು. ಅದು ನನಗೆ ಸೀಟಿನ ನಕ್ಷೆಯ ಒಂದು ಗುರುತಾಗಿತ್ತು, ಅಷ್ಟೇ. ಅಲ್ಲಿ ಒಂದು ಮಗು ಮಲಗಲು ತಲೆ ಎಲ್ಲಿಡುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಈಗ ಕಣ್ಣೆದುರೇ ಆ ಹುಡುಗಿ ಬಾಯಿ ತೆರೆದು ಮಲಗಿದ್ದಳು.

ಚಹಾ ತರಿಸಿದಳು. ಕುಡಿಯುತ್ತಾ ಅವಳ ಪರದೆಯ ಕಡೆ ನೋಡಿದೆ. ಆಗ ಕಂಡಿತು. ಕೊಲ್ಲಿಯಿಂದ ಟೊರಾಂಟೊಗೆ ಹೋಗುವ ಎರಡನೆಯ ಹಾರಾಟ, ಟಿಕೆಟ್ ಮಾರುವ ಸಂಸ್ಥೆಯದೇ ಹೆಸರಿನಲ್ಲಿದ್ದರೂ, ವಾರದ ಆ ದಿನ ನಡೆಸುವುದು ಅದರ ಜೊತೆಗಾರ ಸಂಸ್ಥೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಮಕ್ಕಳ ನಿಯಮವೆಲ್ಲ ವಿಮಾನ ನಡೆಸುವವರದ್ದೇ, ಮಾರಿದವರದ್ದಲ್ಲ. ಕೂಸಿಗೆ ಬೇರೆ ಸೀಟು ತೆಗೆದುಕೊಂಡರೆ, ಕಾರಿನಲ್ಲಿ ಕೂಸನ್ನು ಕಟ್ಟಿ ಕೂರಿಸುವ, ಒಪ್ಪಿಗೆಯ ಮುದ್ರೆ ಇರುವ ಪುಟ್ಟ ಸೀಟನ್ನು ತಂದು ಅದಕ್ಕೆ ಕಟ್ಟಲೇಬೇಕೆಂದು ಆ ಜೊತೆಗಾರರ ನಿಯಮ. ಹಿಂದೆ ಒಂದು ಟಿಕೆಟ್ ಮಾಡುವಾಗ ಇದೇ ವಿಷಯಕ್ಕೆ ಅವರ ಜೊತೆ ವಾದ ಮಾಡಿ ಸೋತಿದ್ದೆ. ಕಾರಿನ ಸೀಟು ಇಲ್ಲದಿದ್ದರೆ ವಿಮಾನ ಹತ್ತುವ ಬಾಗಿಲಲ್ಲೇ ಆ ಸೀಟು ರದ್ದು ಮಾಡುತ್ತಾರೆ, ಕೂಸು ಮಡಿಲಿಗೆ ಬರುತ್ತದೆ. ಹದಿನಾಲ್ಕು ಗಂಟೆ ಮಡಿಲಲ್ಲಿ.

ಅವಳು ಅದನ್ನು ನೋಡಿರಲಿಲ್ಲ.

ನಾನು ಲೋಟ ಕೆಳಗಿಟ್ಟು, "ಹೊತ್ತಾತು, ಬರ್ತೀನಿ" ಎಂದು ಎದ್ದೆ. ನಾದಿನಿ, "ಅತ್ತಿಗೆ, ಸಿಟ್ಟಾದ್ರಾ?" ಎಂದಳು. "ಸಿಟ್ಟು ಯಾಕ? ಹುಡುಗಿ ಎದ್ದ ಮೇಲೆ ಬಾ" ಎಂದು ಹೇಳಿ ಹೊರಬಂದೆ.

ದಾವಣಗೆರೆಯ ಬಸ್ಸು ನಿಂತಿತ್ತು. ಕಿಟಕಿ ಪಕ್ಕ ಕೂತೆ. ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಕೊಲ್ಲಿಯ ವಿಮಾನ ನಿಲ್ದಾಣ. ಬಾಗಿಲಲ್ಲಿ ನನ್ನ ನಾದಿನಿಯನ್ನು ನಿಲ್ಲಿಸಿದ್ದಾರೆ. ಫೋನು ಬರುತ್ತದೆ. ಅತ್ತೆ ಅಳುತ್ತಾರೆ. ನಾನು ಶಾಂತವಾಗಿ, "ಹರಿಹರದಾಕೀನೇ ಕೇಳ್ರಿ ಅತ್ತೆ" ಎನ್ನುತ್ತೇನೆ. ಈ ಚಿತ್ರವನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಬೆಲ್ಲದ ಹಾಗಿತ್ತು. ಆದರೆ ಪ್ರತಿ ಸಲವೂ ಚಿತ್ರದ ಮೂಲೆಯಲ್ಲಿ ಆ ಹುಡುಗಿ ನಿದ್ದೆಗಣ್ಣಿನಲ್ಲಿ ತಾಯಿಯ ಚೂಡಿದಾರ ಹಿಡಿದು ನಿಂತಿರುತ್ತಿದ್ದಳು. ಅವಳನ್ನು ಅಲ್ಲಿಂದ ಸರಿಸಲು ನನಗೆ ಆಗಲಿಲ್ಲ.

ನಡುದಾರಿಯ ದೊಡ್ಡಬಾತಿಯಲ್ಲಿ ಇಳಿದುಬಿಟ್ಟೆ. ಕಂಡಕ್ಟರು, "ಯಾಕ್ರೀ ಅಕ್ಕಾರ, ದಾವಣಗೆರೆ ಅಂದಿದ್ರಿ?" ಎಂದ. ರಸ್ತೆ ದಾಟಿ ಹರಿಹರದ ಬಸ್ಸಿಗೆ ಕಾದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ಆಮೇಲೆ ಗಂಡ ಕೇಳಿದರು. ಹೇಳಬಹುದಿತ್ತು. ಆದರೆ ಅವಳು "ಹೌದಕ್ಕ, ನಾನೂ ನೋಡಿದ್ದೆ" ಎಂದುಬಿಟ್ಟರೆ? ನಾನು ಕಂಡುಹಿಡಿದದ್ದನ್ನು ನಾನೇ, ನನ್ನ ನಾದಿನಿಯ ಎದುರು, ಬೆರಳಿಟ್ಟು ತೋರಿಸಬೇಕಿತ್ತು. ಒಳ್ಳೆಯ ಕೆಲಸ ಮಾಡಲು ಹೊರಟಾಗಲೂ ನನ್ನನ್ನು ನಡೆಸುತ್ತಿದ್ದದ್ದು ಅದೇ ಹೊಟ್ಟೆಕಿಚ್ಚು.

ನಾನು ವಾಪಸು ಹೋದಾಗ ಹುಡುಗಿ ಎದ್ದು ಮಂಡಕ್ಕಿ ತಿನ್ನುತ್ತಿದ್ದಳು. ನಾನು ಕೂರದೆ, ಪರದೆಯ ಮೇಲೆ ಬೆರಳಿಟ್ಟೆ.

"ಎರಡನೇ ವಿಮಾನ ಯಾರು ನಡೆಸ್ತಾರೆ, ನೋಡೀಯೇನಮ್ಮ?"

ಹರಿಹರದಾಕೆ ಬಗ್ಗಿ ಓದಿದಳು. ನಾನು ನಿಯಮ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. "ನಾನು ಹೋದಾಗ ಎರಡೂ ಅವರದೇ ಇತ್ತಕ್ಕ. ಅದೇ ಗುಂಗಿನಾಗೆ ಇದ್ದೆ" ಎಂದಳು. ಆಮೇಲೆ ನಾದಿನಿಯ ಕಡೆ ತಿರುಗಿ, "ನಿಮ್ಮ ಅತ್ತಿಗೆ ಬರದಿದ್ರೆ ನಾನು ನಿಮ್ಮನ್ನ ನಡುದಾರಿಯಾಗೆ ನಿಲ್ಲಿಸಿಬಿಡ್ತಿದ್ದೆ ನೋಡ್ರಿ" ಎಂದಳು. ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನನ್ನ ಗೆಲುವಿನ ರುಚಿಯನ್ನೇ ಕೆಡಿಸಿತು. ಒಂದಿಷ್ಟಾದರೂ ಜಗ್ಗಾಡಬೇಕಿತ್ತು ಅವಳು.

ಕೆಲಸಕ್ಕೆ ಕೂತೆವು. ನನ್ನ ಯುರೋಪಿನ ದಾರಿಯನ್ನು ಅವಳು ಒಂದೇ ಪ್ರಶ್ನೆಯಲ್ಲಿ ಮುಗಿಸಿದಳು: "ಕೂಸಿನ ತಳ್ಳುಗಾಡಿ ನಡುವೆ ವಿಮಾನ ಬದಲಿಸೋ ಕಡೆ ಕೈಗೆ ಕೊಡ್ತಾರೋ, ಟೊರಾಂಟೊದಾಗೇ ಕೊಡ್ತಾರೋ?" ಫೋನ್ ಮಾಡಿ ಕೇಳಿದೆ. ಟೊರಾಂಟೊದಲ್ಲೇ ಅಂತೆ. ಹಾಗಾದರೆ ಎರಡು ಗಂಟೆಯೊಳಗೆ, ಕೂಸನ್ನೂ ಚೀಲವನ್ನೂ ಹೊತ್ತು, ನಿದ್ದೆಯಲ್ಲಿರುವ ಹುಡುಗಿಯನ್ನು ಎಳೆದುಕೊಂಡು, ಮತ್ತೆ ತಪಾಸಣೆ ದಾಟಿ ಓಡಬೇಕು. ಆಗದ ಮಾತು. ಕೊಲ್ಲಿಯ ಸಂಸ್ಥೆಯೇ ಎರಡೂ ಹಾರಾಟ ನಡೆಸುವ ದಿನಗಳನ್ನು ನಾನು ಹುಡುಕಿದೆ. ವಾರದ ನಡುವಿನ ದಿನಗಳಲ್ಲಿ ಸಿಕ್ಕಿತು. ಅವರಿಗೆ ಫೋನು ಹಚ್ಚಿ, ಕೂಸಿನ ಸೀಟಿಗೆ ಕಾರಿನ ಸೀಟು ಬೇಕೇ ಎಂದು ಕೇಳಿದರೆ, ಮೊದಲು ಎತ್ತಿಕೊಂಡವರು ಬೇಕು ಅಂದರು. ಬೇರೆಯವರನ್ನು ಕೊಡಿ ಎಂದು ಹಟ ಹಿಡಿದೆ. ಎರಡನೆಯವರು ನಿಯಮ ತೆಗೆದು ಓದಿದರು. ಏರುವಾಗ ಇಳಿಯುವಾಗ ಕೂಸು ತಾಯಿಯ ಮಡಿಲಲ್ಲಿ, ಅವಳ ಬೆಲ್ಟಿಗೆ ಸಿಕ್ಕಿಸುವ ಸಣ್ಣ ಬೆಲ್ಟಿನಲ್ಲಿರಬೇಕು. ಉಳಿದ ಹೊತ್ತು ತನ್ನ ಸೀಟಿನಲ್ಲಿ ಇರಬಹುದು. ಆ ಮಾತನ್ನು ಬುಕಿಂಗಿನಲ್ಲೇ ಬರೆಸಿದೆ. ಹರಿಹರದಾಕೆ ಪಕ್ಕದಲ್ಲಿ ಕೂತು ಕಣ್ಣರಳಿಸಿ ಕೇಳುತ್ತಿದ್ದಳು.

"ಟಿಕೆಟ್ ನನ್ನ ಅಂಗಡಿಯಿಂದ ಮಾಡ್ತೀನಿ" ಎಂದೆ, ಯಾರೂ ಕೇಳದೇ ಇದ್ದರೂ.

"ಮಾಡ್ರಿ ಅಕ್ಕ. ಮನೆ ಮಕ್ಕಳು" ಎಂದಳು ಅವಳು.

ಟಿಕೆಟ್ ಮಾಡಿದ ಕೆಲವು ದಿನಗಳಲ್ಲೇ ವಿಮಾನದ ಮಾದರಿ ಬದಲಾಗಿದೆ ಎಂದು ಸಂದೇಶ ಬಂತು. ಕಿಟಕಿ ಪಕ್ಕದ ನಮ್ಮ ಮೂರು ಸೀಟುಗಳು ಚೆದುರಿಹೋಗಿದ್ದವು. ನಾಲ್ಕು ವರ್ಷದ ಹುಡುಗಿಗೆ ತಾಯಿಯಿಂದ ಬಹಳ ಹಿಂದಿನ ಸಾಲು. ವಿಮಾನ ನಿಲ್ದಾಣದಲ್ಲಿ ಸರಿಮಾಡುತ್ತಾರೆ ಎಂದರು. ನಾನು ಒಪ್ಪಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಅವರಿಗೆ ಫೋನು, ಮಧ್ಯಾಹ್ನ ಊಟಕ್ಕೆ ಮುಂಚೆ ಮತ್ತೊಂದು. ಕೊನೆಗೆ ನಡುವಿನ ನಾಲ್ಕು ಸೀಟಿನ ಸಾಲಿನಲ್ಲಿ ಒಟ್ಟಿಗೆ ಮೂರು ಕೊಟ್ಟರು. ಓಡಾಡುವ ದಾರಿಯ ಬದಿಗೆ ತಾಯಿ, ಒಳಗೆ ಮಕ್ಕಳು. ಮೊದಲಿಗಿಂತ ಇದೇ ವಾಸಿ ಎಂದು ಹರಿಹರಕ್ಕೆ ಫೋನ್ ಮಾಡಿ ಹೇಳಿದೆ. ಹೇಳುವ ಅಗತ್ಯ ಇರಲಿಲ್ಲ.

ಅವರು ಹೊರಟರು. ನಾನು ಕೆಲಸದ ನೆಪ ಹೇಳಿ ಬೆಂಗಳೂರಿಗೆ ಹೋಗಲಿಲ್ಲ. ಟೊರಾಂಟೊ ತಲುಪಿದ ಫೋನು ಬಂದಾಗ ಅತ್ತೆ ದೇವರ ಮನೆಯಲ್ಲಿದ್ದರು. ಎದ್ದು ಬಂದು ಫೋನಿಗೆ ಕಿವಿಗೊಟ್ಟರು. ಹುಡುಗಿ ದಾರಿಯುದ್ದಕ್ಕೂ ಮಲಗಿದಳಂತೆ. ಕೂಸೂ ಮಲಗಿತಂತೆ. ಏರುವಾಗ ಕಿವಿನೋವಿಗೆ ಸ್ವಲ್ಪ ಅತ್ತಿತು, ಅಷ್ಟೇ.

"ಆ ಹರಿಹರದಾಕಿ ಹೊಟ್ಟೆ ತಣ್ಣಗಿರಲಿ" ಎಂದರು ಅತ್ತೆ.

ಫೋನಿನ ಆ ಕಡೆಯಿಂದ ನಾದಿನಿ, "ಅವ್ವ, ಅತ್ತಿಗೆ ಇಲ್ದಿದ್ರೆ ಆಗ್ತಿರಲಿಲ್ಲ" ಎಂದು ಕೂಗಿ ಹೇಳಿದಳು. ಅತ್ತೆ ನನ್ನ ಕಡೆ ತಿರುಗಿ, "ಹೌದೇನವ್ವ?" ಎಂದರು. ನಾನು "ಇಬ್ಬರೂ ಸೇರಿ ಮಾಡಿದ್ವಿ ಅತ್ತೆ" ಎಂದೆ. ಹಾಗೆ ಹೇಳಲು ನನಗೆ ಬಹಳ ಕಷ್ಟವಾಯಿತು.

ಸಂಜೆ ನಾದಿನಿ ಒಂದು ಫೋಟೋ ಕಳಿಸಿದಳು. ಪಕ್ಕದ ಸೀಟಿನ ಹೆಂಗಸು ತೆಗೆದದ್ದಂತೆ. ಮಕ್ಕಳಿಬ್ಬರೂ ಕಾಲಿಗೆ ಕಾಲು ತಾಗಿಸಿ ಅಡ್ಡಡ್ಡ ಮಲಗಿದ್ದಾರೆ. ನಾದಿನಿಗೆ ಉಳಿದಿರುವುದು ಸೀಟಿನ ಒಂದು ಅಂಚು. ಕೂದಲು ಕೆದರಿ, ಕತ್ತು ವಾಲಿ, ಒಂದು ಕೈ ಕೂಸು ಬೀಳದಂತೆ ಅಡ್ಡ. ಸರಿಯಾದ ವಿಮಾನ, ಸರಿಯಾದ ದಿನ, ಸರಿಯಾದ ಸಾಲು. ಕೆಲಸ ಸರಿಯಾಗಿಯೇ ಆಗಿತ್ತು. ಬಹಳ ಹೊತ್ತು ನೋಡಿದೆ. ಹರಿಹರದಾಕೆಯ ಮೇಲಿದೆ ಎಂದುಕೊಂಡಿದ್ದ ನನ್ನ ಹೊಟ್ಟೆಕಿಚ್ಚು ಅವಳ ಅಂಗಡಿಗಾಗಿಯೂ ಅಲ್ಲ, ಗಿರಾಕಿಗಳಿಗಾಗಿಯೂ ಅಲ್ಲ ಎಂದು ಆಗ ತಿಳಿಯಿತು. ನನಗೆ ಬೇಕಾಗಿದ್ದದ್ದು ಆ ಇಕ್ಕಟ್ಟಿನ ಅಂಚು. ಅದನ್ನು ಬುಕ್ ಮಾಡಿಕೊಡುವುದು ನನಗೆ ಗೊತ್ತು, ಅಷ್ಟೇ.

ಆಮೇಲೆ ಸ್ವಲ್ಪ ದಿನಕ್ಕೆ ಕುಕ್ಕುವಾಡದ ಕಡೆಯ ಗಂಡಹೆಂಡತಿ ಅಂಗಡಿಗೆ ಬಂದರು. ಹೆಂಡತಿಯ ತೋಳಲ್ಲಿ ಹಸುಗೂಸು.

"ಹರಿಹರದ ಮೇಡಂ ಕಳಿಸಿದ್ರು" ಎಂದ ಅವನು. "ಮಕ್ಕಳ ನಿಯಮ ಎಲ್ಲಾ ನಿಮಗೇ ಚಲೋ ಗೊತ್ತು, ಅಲ್ಲಿಗೇ ಹೋಗ್ರಿ ಅಂದ್ರು."

"ಕೂಡ್ರಿ" ಎಂದೆ.

ಹೆಂಡತಿ ಕೂರುತ್ತಾ, ಮಾತಿಗೆ ಮಾತು ಸೇರಿಸುವಂತೆ, "ನಿಮಗೆಷ್ಟು ಮಕ್ಕಳ್ರಿ ಮೇಡಂ?" ಎಂದು ಕೇಳಿದಳು.

"ಮಕ್ಕಳಿಲ್ರಿ ನಮಗೆ" ಎಂದೆ.

ಅವಳು ಗಂಡನ ಮುಖ ನೋಡಿದಳು. ಎದ್ದು ಹೋಗುತ್ತಾರೇನೋ ಅನ್ನಿಸಿತು. ನಾನು ಕೀಲಿಮಣೆ ಹತ್ತಿರ ಎಳೆದುಕೊಂಡೆ.

"ಕೂಸಿನ ಹೆಸರು ಹೇಳ್ರಿ" ಎಂದೆ. "ಪಾಸ್‌ಪೋರ್ಟಿನಾಗೆ ಹೆಂಗೈತೋ ಹಂಗೇ, ಒಂದೊಂದೇ ಅಕ್ಷರ."

ಅವಳು ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿ, ನನಗೆ ಕಾಣುವ ಹಾಗೆ ತಿರುಗಿಸಿ ಹಿಡಿದು, ಹೇಳತೊಡಗಿದಳು.